ಪೊರೆ ತೆಗೆಯಲು ಕಲಿತವರು: ಭಾರತದ ನೇತ್ರವೈದ್ಯರ ತರಬೇತಿಯ ಎರಡು ಶತಮಾನ

ಪಾಶ್ಚಾತ್ಯ ಪದ್ಧತಿಯ ನೇತ್ರಚಿಕಿತ್ಸೆಯನ್ನು ಆಸ್ಪತ್ರೆಯೊಂದರಲ್ಲಿ ಕ್ರಮವಾಗಿ ನಡೆಸುವ, ಕಲಿಸುವ ಏರ್ಪಾಟು ಭಾರತದಲ್ಲಿ ಬೇರೂರಿದ್ದು 1819ರಲ್ಲಿ, ಮದರಾಸಿನಲ್ಲಿ. ಅದಕ್ಕೆ ಕಾರಣವಾದದ್ದು ದೂರದ ಈಜಿಪ್ಟಿನ ಯುದ್ಧ. ಅಲ್ಲಿ ನೆಪೋಲಿಯನ್ನನ ಸೈನ್ಯದ ಎದುರು ಹೋರಾಡಿ ಮರಳಿದ ಬ್ರಿಟಿಷ್ ಸೈನಿಕರು ಕಣ್ಣಿನ ಸೋಂಕನ್ನು ತಮ್ಮೊಡನೆ ಊರಿಗೆ ತಂದರು. ಕೀವು ಸುರಿದು, ರೆಪ್ಪೆಯ ಒಳಪದರ ಗಡುಸಾಗಿ, ಕೊನೆಗೆ ಕಣ್ಣೇ ಹೋಗುವ ಬೇನೆ ಅದು. ಲಂಡನ್ನಿನ ದೊಡ್ಡ ಆಸ್ಪತ್ರೆಗಳಲ್ಲಿ ಕಣ್ಣಿಗಾಗಿಯೇ ಒಬ್ಬ ವೈದ್ಯನಿರಲಿಲ್ಲ. ಜಾನ್ ಕನಿಂಗ್‌ಹ್ಯಾಮ್ ಸಾಂಡರ್ಸ್ ಎಂಬ ಯುವ ಶಸ್ತ್ರವೈದ್ಯ 1805ರಲ್ಲಿ ಅದಕ್ಕೆಂದೇ ಒಂದು ಚಿಕಿತ್ಸಾಲಯ ತೆರೆದರು. ಮುಂದೆ ಮೂರ್‌ಫೀಲ್ಡ್ಸ್ ಎಂದು ಜಗತ್ತಿಗೆಲ್ಲ ಪರಿಚಿತವಾದ ಆಸ್ಪತ್ರೆ ಇದೇ. ಆರಂಭದ ಕೆಲವೇ ವರ್ಷಗಳಲ್ಲಿ ಅದು ವೈದ್ಯವಿದ್ಯಾರ್ಥಿಗಳಿಗೂ ಬಾಗಿಲು ತೆರೆಯಿತು. ಅದೇ ಕಾಲಕ್ಕೆ ವಿಯೆನ್ನಾದಲ್ಲಿ ಗೇಯೋರ್ಗ್ ಯೋಸೆಫ್ ಬೇರ್ ನೇತ್ರವಿದ್ಯೆಯನ್ನು ವಿಶ್ವವಿದ್ಯಾಲಯದ ಪಾಠವನ್ನಾಗಿ ಮಾಡಿದ್ದರು.

ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿನ ಈ ಸಂಸ್ಥೆಯಲ್ಲಿ ಪಳಗಿದ ರಾಬರ್ಟ್ ರಿಚರ್ಡ್‌ಸನ್ ಅವರನ್ನು ಮದರಾಸಿಗೆ ಕಳಿಸಿತು. ಅವರು ಕಟ್ಟಿದ ಮದರಾಸ್ ಐ ಇನ್‌ಫರ್ಮರಿ ಏಷ್ಯಾದ ಮೊದಲ ನೇತ್ರ ಆಸ್ಪತ್ರೆ. ಅದು ಈಗಲೂ ಎಗ್ಮೋರಿನಲ್ಲಿ ಸರ್ಕಾರಿ ಪ್ರಾದೇಶಿಕ ನೇತ್ರಸಂಸ್ಥೆಯಾಗಿ ನಡೆಯುತ್ತಿದೆ. ಸೈನಿಕರ ಕಣ್ಣು ಉಳಿಸುವುದು ಕಂಪನಿಯ ಮುಖ್ಯ ಉದ್ದೇಶವಾಗಿದ್ದಿರಬಹುದು. ಆದರೆ ಬಾಗಿಲಲ್ಲಿ ಬಂದು ನಿಂತವರು ಪೊರೆ ಬಂದ ರೈತರು, ನೇಕಾರರು, ಮುದುಕಿಯರು. ಕಣ್ಣಿನ ಪೊರೆ ಎಂದರೆ ಪಾಪೆಯ ಹಿಂದಿರುವ ಮಸೂರ ಮಂಕಾಗಿ ಬೆಳಕನ್ನು ತಡೆಯುವುದು. ಅದಕ್ಕೆ ಔಷಧಿಯಿಲ್ಲ. ಅಂದಿಗೂ ಇಂದಿಗೂ ಕೈಚಳಕದ ಶಸ್ತ್ರಕ್ರಿಯೆಯೊಂದೇ ದಾರಿ. ಈ ನಾಡಿನ ನೇತ್ರವೈದ್ಯರ ತರಬೇತಿಯ ಚರಿತ್ರೆ ಬಹುಮಟ್ಟಿಗೆ ಪೊರೆಯ ಚರಿತ್ರೆಯಾಗಿರುವುದಕ್ಕೆ ಇದೇ ಕಾರಣ.

ಆ ಕೈಚಳಕ ಭಾರತಕ್ಕೆ ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿ ಪೊರೆಯ ಶಸ್ತ್ರಕ್ರಿಯೆಯ ವಿವರವಿದೆ. ಕಣ್ಣಿನ ಬಿಳಿಭಾಗದಲ್ಲಿ ಮೊನಚಾದ ಶಲಾಕೆ ಚುಚ್ಚಿ, ಮಂಕಾದ ಮಸೂರವನ್ನು ಪಾಪೆಯ ದಾರಿಯಿಂದ ಕೆಳಕ್ಕೆ ಸರಿಸುವ ವಿಧಾನ ಶತಮಾನಗಳ ಕಾಲ ಉಳಿದು ಬಂತು. ಊರೂರು ಅಲೆಯುವ ಕಣ್ಣುವೈದ್ಯರು ಅದನ್ನು ತಂದೆಯಿಂದ ಮಗನಿಗೆ ದಾಟಿಸಿದರು. ಸೂಜಿ ಹೊರಬಂದ ಕ್ಷಣದಲ್ಲೇ ರೋಗಿಗೆ ಬೆಳಕು ಕಾಣುತ್ತಿತ್ತು, ವೈದ್ಯನಿಗೆ ಸಂಭಾವನೆ ಸಿಗುತ್ತಿತ್ತು. ಕೆಲವು ವಾರಗಳ ನಂತರ ಕೀವಾಗಿಯೋ ಒತ್ತಡ ಏರಿಯೋ ಕಣ್ಣು ಹಾಳಾಗುವ ಹೊತ್ತಿಗೆ ಅವನು ಬೇರೆ ಊರಿನಲ್ಲಿರುತ್ತಿದ್ದ. ತನ್ನ ಕೆಲಸದ ಫಲವನ್ನು ಆತ ನೋಡುತ್ತಲೇ ಇರಲಿಲ್ಲ. ಹೀಗಾಗಿ ತಲೆಮಾರುಗಳ ಅನುಭವವಿದ್ದರೂ ಆ ವಿದ್ಯೆ ತಿದ್ದಿಕೊಳ್ಳಲಿಲ್ಲ. ತರಬೇತಿಗೆ ಗುರು ಎಷ್ಟು ಮುಖ್ಯವೋ ಮರಳಿ ಬರುವ ರೋಗಿಯೂ ಅಷ್ಟೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ಬೇಕಿಲ್ಲ.

ಈ ಹಾನಿಯನ್ನು ಕಣ್ಣಾರೆ ಕಂಡು ದಾಖಲಿಸಿದವರು ರಾಬರ್ಟ್ ಹೆನ್ರಿ ಎಲಿಯಟ್. 20ನೇ ಶತಮಾನದ ಮೊದಲ ದಶಕದಿಂದ ಮೊದಲ ಮಹಾಯುದ್ಧದ ಹೊತ್ತಿನವರೆಗೆ ಮದರಾಸಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಅವರು, ಸೂಜಿವೈದ್ಯರ ಕೈಯಲ್ಲಿ ಕೆಟ್ಟು ಆಸ್ಪತ್ರೆಗೆ ಬಂದ ಕಣ್ಣುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಉಳಿಸಲಾಗದೆ ತೆಗೆಯಬೇಕಾಗಿ ಬಂದ ಕಣ್ಣುಗಳನ್ನು ಕಾಪಿಟ್ಟು, ಕತ್ತರಿಸಿ ನೋಡಿ, ಎಲ್ಲಿ ಏನಾಯಿತೆಂದು ಬರೆದರು. ಗ್ಲಾಕೋಮಾದಲ್ಲಿ ಕಣ್ಣಿನೊಳಗೆ ಏರುವ ಒತ್ತಡಕ್ಕೆ ಅಂಚಿನಲ್ಲಿ ಸಣ್ಣ ರಂಧ್ರ ಕೊರೆದು ದಾರಿಮಾಡುವ ಶಸ್ತ್ರಕ್ರಿಯೆಯನ್ನು 1909ರ ಸುಮಾರಿಗೆ ರೂಢಿಗೆ ತಂದವರೂ ಅವರೇ. ಅವರ ಹೆಸರಿನ ನೇತ್ರಶಾಲೆ ಮತ್ತು ಮಾದರಿಗಳ ಸಂಗ್ರಹಾಲಯ ಎಗ್ಮೋರಿನ ಆವರಣದಲ್ಲಿ ನೆಲೆಗೊಂಡವು. ದಕ್ಷಿಣ ಭಾರತದ ಹಲವು ತಲೆಮಾರಿನ ನೇತ್ರವೈದ್ಯರು ತರಬೇತಿ ಪಡೆದದ್ದು ಆ ಆವರಣದಲ್ಲಿ. ಅದರ ಮೊದಲ ಭಾರತೀಯ ಮುಖ್ಯಸ್ಥರಾಗಿ ಕೋಮನ್ ನಾಯರ್ ಬಂದದ್ದು 1940ರಲ್ಲಿ. ಸಂಸ್ಥೆ ಹುಟ್ಟಿ ಆಗಲೇ 121 ವರ್ಷ ಕಳೆದಿತ್ತು. ರೋಗಿಗಳೂ ಸಹಾಯಕರೂ ಮೊದಲ ದಿನದಿಂದ ಭಾರತೀಯರೇ ಆಗಿದ್ದರೂ ಕಲಿಸುವ ಪೀಠ ಅವರಿಗೆ ಸಿಕ್ಕಿದ್ದು ಅಷ್ಟು ತಡವಾಗಿ.

ಎಲಿಯಟ್ ಮದರಾಸಿನಲ್ಲಿದ್ದ ಕಾಲದಲ್ಲೇ ಪಂಜಾಬಿನ ಜಲಂಧರ್ ಎಂಬ ಪಟ್ಟಣ ಜಗತ್ತಿನ ನೇತ್ರವೈದ್ಯರಿಗೆ ಯಾತ್ರಾಸ್ಥಳವಾಗಿತ್ತು. ಅಲ್ಲಿದ್ದ ಸಿವಿಲ್ ಸರ್ಜನ್ ಹೆನ್ರಿ ಸ್ಮಿತ್ ಐರ್ಲೆಂಡಿನವರು, ಗಾಲ್ವೇಯಲ್ಲಿ ಓದಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದವರು. ಅವರ ಹೆಸರಿನೊಂದಿಗೆ ಊರೂ ಸೇರಿ ‘ಜಲಂಧರ್ ಸ್ಮಿತ್’ ಎಂದೇ ಅವರು ಪ್ರಸಿದ್ಧರಾದರು. ಫ್ರಾನ್ಸಿನ ಜಾಕ್ ದಾವಿಯೆಲ್ 18ನೇ ಶತಮಾನದ ನಡುವಿನಲ್ಲಿ ಪೊರೆಯನ್ನು ಕಣ್ಣಿನಿಂದ ಹೊರತೆಗೆಯುವ ವಿಧಾನ ತೋರಿಸಿಕೊಟ್ಟ ಮೇಲೆ ಯುರೋಪಿನಲ್ಲಿ ರೂಢಿಯಾಗಿದ್ದ ಕ್ರಮ ಹೀಗಿತ್ತು: ಮಸೂರವನ್ನು ಸುತ್ತಿದ ತೆಳುಚೀಲವನ್ನು ಸೀಳಿ ಒಳಗಿನ ಗಟ್ಟಿಭಾಗವನ್ನಷ್ಟೇ ತೆಗೆಯುವುದು. ಒಳಗುಳಿದ ಚೂರುಗಳೂ ಚೀಲವೂ ಮತ್ತೆ ಮಂಕಾಗಿ, ಎರಡನೆಯ ಬಾರಿ ಕೈಹಾಕಬೇಕಾಗುತ್ತಿತ್ತು. ಚೀಲವನ್ನು ಹರಿಯದೆ ಇಡೀ ಮಸೂರವನ್ನೇ ಹೊರಗೆ ತರುವುದು ಸ್ಮಿತ್ ಅವರ ಮಾರ್ಗ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲಂಚನ್ನು ಕೊಯ್ದು, ಕೆಳಭಾಗದ ಮೇಲೆ ಹೊರಗಿನಿಂದ ಸಣ್ಣ ಕೊಕ್ಕೆಯಿಂದ ಒತ್ತುತ್ತಾ, ಮಸೂರವನ್ನು ಗಾಯದ ಬಾಯಿಗೆ ತಂದು ಜಾರಿಸುವ ಈ ಕೆಲಸ ಹೊರನೋಟಕ್ಕೆ ಬಹಳ ಸುಲಭ. ಒತ್ತಡ ತುಸು ಹೆಚ್ಚಾದರೆ ಕಣ್ಣಿನೊಳಗಿನ ಲೋಳೆಯೂ ಹೊರಗೆ ನುಗ್ಗಿ ಬರುತ್ತದೆ, ತುಸು ಕಡಿಮೆಯಾದರೆ ಮಸೂರ ಕದಲುವುದಿಲ್ಲ. ರೆಪ್ಪೆಯನ್ನು ಕಣ್ಣುಗುಡ್ಡೆಗೆ ತಾಗದಂತೆ ಎತ್ತಿ ಹಿಡಿಯುವ ಸಹಾಯಕನ ಕೈ ಅಲುಗಿದರೂ ಕಣ್ಣು ಹೋಯಿತು.

ಈ ಒತ್ತಡದ ಅಳತೆಯನ್ನು ಪುಸ್ತಕದಲ್ಲಿ ಬರೆಯಲಾಗುವುದಿಲ್ಲ. 1910ರಲ್ಲಿ ಸ್ಮಿತ್ ಪುಸ್ತಕ ಬರೆದದ್ದೂ ಉಂಟು. ಆದರೂ ಓದಿದವರು ಜಲಂಧರ್‌ಗೆ ಹೊರಟು ಬಂದರು. ಸಿನ್ಸಿನಾಟಿಯ ಡೆರಿಕ್ ವೇಲ್, ಷಿಕಾಗೋದ ವಿಲಿಯಂ ಫಿಶರ್ ಅವರಂಥ ಹೆಸರಾಂತ ಅಮೆರಿಕನ್ ವೈದ್ಯರು ವಾರಗಟ್ಟಲೆ ಹಡಗಿನಲ್ಲಿ ಪ್ರಯಾಣ ಮಾಡಿ ಪಂಜಾಬಿಗೆ ಬಂದು ಸ್ಮಿತ್ ಅವರ ಪಕ್ಕದಲ್ಲಿ ನಿಂತರು. ತಮ್ಮೂರಿನಲ್ಲಿ ಆಗಲೇ ತಾವೇ ಗುರುಗಳಾಗಿದ್ದವರು ಇವರು. ಅಲ್ಲಿ ವರ್ಷಗಟ್ಟಲೆ ಕಾದರೂ ಕೈಗೆ ಸಿಗದಷ್ಟು ಪೊರೆಗಳು ಇಲ್ಲಿ ಕೆಲವೇ ವಾರಗಳಲ್ಲಿ ಸಿಗುತ್ತಿದ್ದವು. ಮೊದಲು ನೋಡುವುದು, ಆಮೇಲೆ ರೆಪ್ಪೆ ಹಿಡಿಯುವುದು, ಕೊನೆಗೆ ಸ್ಮಿತ್ ಎದುರಿನಲ್ಲೇ ತಾವು ಕೊಯ್ಯುವುದು. ಸ್ಮಿತ್ ಮಾತಿನಲ್ಲಿ ಒರಟರು, ಶಸ್ತ್ರಕ್ರಿಯೆಯ ವೇಳೆಯಲ್ಲೂ ಬಾಯಿಂದ ಚುರುಟು ತೆಗೆಯದವರು. ಅವರ ಎಣಿಕೆಯಲ್ಲಿ ಮಾಡಿದ ಶಸ್ತ್ರಕ್ರಿಯೆಗಳು ಹತ್ತಾರು ಸಾವಿರ. ಮುಂದೆ ಅಮೃತಸರಕ್ಕೆ ಹೋದ ಮೇಲೂ ಶಿಷ್ಯರ ಸಾಲು ನಿಲ್ಲಲಿಲ್ಲ.

ಆ ಸಾಲಿನಿಂದ ವೈದ್ಯಲೋಕಕ್ಕೆ ಆದ ಲಾಭ ದೊಡ್ಡದು. ಮುಂದಿನ ಅರ್ಧ ಶತಮಾನ ಜಗತ್ತಿನ ಬಹುಭಾಗದಲ್ಲಿ ಪೊರೆಯನ್ನು ತೆಗೆದದ್ದು ಚೀಲಸಮೇತ ತೆಗೆಯುವ ಮಾರ್ಗದಲ್ಲೇ. ಆದರೆ ಆ ಕಲಿಕೆಯ ಬೆಲೆ ತೆತ್ತವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಸಾಗರ ದಾಟಿ ಬಂದ ವೈದ್ಯ ತನ್ನ ಮೊದಲ ಹತ್ತು ಕೊಯ್ತಗಳನ್ನು ಮಾಡಿದ್ದು ಪಂಜಾಬಿನ ಬಡ ರೈತರ ಕಣ್ಣಿನ ಮೇಲೆ. ಅವರನ್ನು ಯಾರೂ ಒಪ್ಪಿಗೆ ಕೇಳುವ ಕಾಲ ಅದಾಗಿರಲಿಲ್ಲ. ಇದು ಕೆಲವರನ್ನಾದರೂ ಕಾಡಿರಬೇಕು. ಫಿಶರ್ ಷಿಕಾಗೋಗೆ ಮರಳಿದ ಮೇಲೆ ತಮ್ಮ ಬಳಿ ಕಲಿಯಲು ಬಂದ ವೈದ್ಯರಿಗೆ ಮೊದಲು ಬೆಕ್ಕಿನ ಮರಿಗಳ ಕಣ್ಣಿನ ಮೇಲೆ ಅಭ್ಯಾಸ ಮಾಡಿಸುವ ಪದ್ಧತಿ ಇಟ್ಟುಕೊಂಡರು. ಕಲಿಯುವವರ ಮೊದಲ ತಪ್ಪುಗಳು ಮನುಷ್ಯನ ಕಣ್ಣಿನಲ್ಲಿ ಆಗಬಾರದು ಎಂಬ ಯೋಚನೆ ಹೀಗೆ ಮೊಳೆಯಿತು. ಅದು ಪೂರ್ತಿ ಬೆಳೆಯಲು ಇನ್ನೂ ನೂರು ವರ್ಷ ಹಿಡಿಯಿತು. ಆದರೆ ಅಮೆರಿಕದಲ್ಲಿ ನೇತ್ರವೈದ್ಯರ ಅರ್ಹತೆಯನ್ನು ಪರೀಕ್ಷಿಸುವ ಮಂಡಳಿ 1916ರಲ್ಲೇ ಹುಟ್ಟಿತ್ತು. ಆ ದೇಶದಲ್ಲಿ ವೈದ್ಯಶಾಸ್ತ್ರದ ಯಾವುದೇ ಶಾಖೆಗೆ ರಚಿತವಾದ ಮೊದಲ ಮಂಡಳಿ ಅದೇ.

ಮೈಸೂರು ಸಂಸ್ಥಾನವೂ ಈ ಹೊತ್ತಿಗೆ ಎಚ್ಚೆತ್ತಿತ್ತು. ಬೆಂಗಳೂರಿನಲ್ಲಿ 1896ರಲ್ಲಿ ಸಣ್ಣದಾಗಿ ಆರಂಭವಾದ ಕಣ್ಣಿನ ಆಸ್ಪತ್ರೆ 1913ರಲ್ಲಿ ಇಂದಿನ ಕಲ್ಲಿನ ಕಟ್ಟಡಕ್ಕೆ ಬಂತು. ವೈಸ್‌ರಾಯ್ ಮಿಂಟೋ ಅವರ ಹೆಸರು ಹೊತ್ತ ಅದು, ಬೆಂಗಳೂರು ವೈದ್ಯಕೀಯ ಕಾಲೇಜು ಬಂದ ಮೇಲೆ ಅದರ ನೇತ್ರವಿಭಾಗವಾಗಿ, ರಾಜ್ಯದ ಸ್ನಾತಕೋತ್ತರ ತರಬೇತಿಯ ಮುಖ್ಯ ಕೇಂದ್ರವಾಗಿ ಬೆಳೆಯಿತು.

ಕನ್ನಡನಾಡಿನ ಹಳ್ಳಿಗಳಿಗೆ ಕಣ್ಣಿನ ಡಾಕ್ಟರ್ ಎಂದರೆ ಬಹುಕಾಲ ಒಂದೇ ಹೆಸರು: ಡಾ. ಎಂ. ಸಿ. ಮೋದಿ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಮುರಿಗೆಪ್ಪ ಚನ್ನವೀರಪ್ಪ ಮೋದಿ 1943ರಿಂದ ಊರೂರಿನಲ್ಲಿ ಉಚಿತ ಶಿಬಿರ ನಡೆಸಿದರು. ಶಾಲೆ, ಛತ್ರ, ಗುಡಿಯ ಅಂಗಳ ಅವರಿಗೆ ಆಸ್ಪತ್ರೆಯಾದವು. ಮೇಜುಗಳ ಸಾಲು, ಪ್ರತಿ ಮೇಜಿನಲ್ಲೂ ಸಿದ್ಧಪಡಿಸಿ ಮಲಗಿಸಿದ ರೋಗಿ, ಕಣ್ಣು ತೊಳೆಯಲು ಒಬ್ಬರು, ಪಟ್ಟಿ ಕಟ್ಟಲು ಇನ್ನೊಬ್ಬರು. ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುವ ಶಸ್ತ್ರವೈದ್ಯ ಒಬ್ಬರೇ. ಒಂದೇ ದಿನದಲ್ಲಿ 833 ಪೊರೆಗಳನ್ನು ತೆಗೆದ ಅವರ ದಾಖಲೆ ಗಿನ್ನೆಸ್ ಪುಸ್ತಕ ಸೇರಿತು. ಪದ್ಮಶ್ರೀ, ಪದ್ಮಭೂಷಣ ಎರಡೂ ಬಂದವು. ಕೂಲಿ ಬಿಟ್ಟು ಪಟ್ಟಣಕ್ಕೆ ಹೋಗಲಾಗದ, ಹೋದರೂ ದಾರಿ ತೋರುವವರಿಲ್ಲದ ಜನರ ಬಳಿಗೆ ಶಸ್ತ್ರಕ್ರಿಯೆಯೇ ನಡೆದುಹೋದದ್ದು ಆ ಶಿಬಿರಗಳ ಹಿರಿಮೆ. ಆ ಹಿರಿಮೆಯನ್ನು ಯಾವ ಟೀಕೆಯೂ ಅಳಿಸಲಾರದು. ಆದರೆ ಮೋದಿಯವರ ವೇಗ ಅವರ ಕೈಯಲ್ಲೇ ಇತ್ತು, ಇನ್ನೊಬ್ಬರಿಗೆ ದಾಟಿಸುವ ಶಾಲೆಯಾಗಿ ಅದು ರೂಪುಗೊಳ್ಳಲಿಲ್ಲ. ಚೀಲಸಮೇತ ಮಸೂರ ತೆಗೆದ ಕಣ್ಣಿಗೆ ಆ ಕಾಲದಲ್ಲಿ ದಪ್ಪ ಗಾಜಿನ ಕನ್ನಡಕವೇ ಗತಿ. ಕನ್ನಡಕ ಒಡೆದರೆ ರೋಗಿ ಮತ್ತೆ ಕುರುಡನಂತೆಯೇ.

ಸ್ವಾತಂತ್ರ್ಯದ ನಂತರದ ಎರಡು ದಶಕಗಳಲ್ಲಿ ಡಿಪ್ಲೊಮಾ, ಎಂ.ಎಸ್. ಪದವಿಗಳು ಕಾಲೇಜಿನಿಂದ ಕಾಲೇಜಿಗೆ ಹಬ್ಬಿದವು. ದೆಹಲಿಯ ಏಮ್ಸ್‌ನಲ್ಲಿ ಲಲಿತ್ ಪ್ರಕಾಶ್ ಅಗರ್ವಾಲ್ ಅವರ ಮುಂದಾಳುತನದಲ್ಲಿ ರಾಜೇಂದ್ರ ಪ್ರಸಾದ್ ನೇತ್ರವಿಜ್ಞಾನ ಕೇಂದ್ರ 1967ರಲ್ಲಿ ಆರಂಭವಾಯಿತು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಬಂತು.

ಅಷ್ಟರಲ್ಲಿ ಶಸ್ತ್ರಕ್ರಿಯೆಯೇ ಬದಲಾಗತೊಡಗಿತ್ತು. ಲಂಡನ್ನಿನ ಹೆರಾಲ್ಡ್ ರಿಡ್ಲಿ ಯುದ್ಧಕಾಲದಲ್ಲಿ ಗಾಯಗೊಂಡ ವಿಮಾನ ಚಾಲಕರ ಕಣ್ಣುಗಳನ್ನು ನೋಡಿದ್ದರು. ವಿಮಾನದ ಪ್ಲಾಸ್ಟಿಕ್ ಮುಚ್ಚಳದ ಚೂರು ಒಳಹೊಕ್ಕಿದ್ದರೂ ಆ ಕಣ್ಣುಗಳು ಕೆರಳದೆ ಸುಮ್ಮನಿದ್ದವು. ಒಮ್ಮೆ ಅವರು ಪೊರೆ ತೆಗೆಯುವುದನ್ನು ನೋಡುತ್ತಿದ್ದ ವಿದ್ಯಾರ್ಥಿಯೊಬ್ಬ, ತೆಗೆದ ಮಸೂರದ ಜಾಗಕ್ಕೆ ಬೇರೊಂದನ್ನು ಏಕೆ ಇಡುವುದಿಲ್ಲ ಎಂದು ಕೇಳಿದನಂತೆ. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1949ರ ನವೆಂಬರ್ 29ರಂದು ರಿಡ್ಲಿ ಮೊದಲ ಕೃತಕ ಮಸೂರವನ್ನು ಕಣ್ಣಿನೊಳಗಿಟ್ಟರು. ಹಿರಿಯರ ವಿರೋಧ ಬಹುಕಾಲ ಮುಂದುವರಿಯಿತು. ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಅಲ್ಟ್ರಾಸೌಂಡ್ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರುವ ಫೇಕೊ ವಿಧಾನವನ್ನು ತಂದರು. ಯಂತ್ರವನ್ನು ಬಳಸಬಯಸಿದ ವೈದ್ಯರಿಗಾಗಿ ತಾವೇ ತರಬೇತಿ ಶಿಬಿರ ನಡೆಸಿದರು. 1980ರ ದಶಕದ ಹೊತ್ತಿಗೆ ಕೃತಕ ಮಸೂರ ಶ್ರೀಮಂತ ದೇಶಗಳ ನಿತ್ಯದ ಮಾತಾಯಿತು.

ಕೃತಕ ಮಸೂರವನ್ನು ಸುಭದ್ರವಾಗಿ ಕೂರಿಸಲು ಕಣ್ಣಿನ ಸ್ವಂತ ಚೀಲದ ಹಿಂಪದರ ಉಳಿದಿರಬೇಕು. ಸ್ಮಿತ್ ಕಾಲದಿಂದ ಮೂರು ತಲೆಮಾರು ಹೆಮ್ಮೆಯಿಂದ ಕಲಿತದ್ದು ಅದೇ ಚೀಲವನ್ನು ಇಡಿಯಾಗಿ ಕಿತ್ತು ತೆಗೆಯುವುದನ್ನು. ಈಗ ಅದನ್ನು ಮರೆತು, ಬರಿಗಣ್ಣು ಅಥವಾ ಭೂತಗನ್ನಡಿಯ ಬದಲು ಮೈಕ್ರೋಸ್ಕೋಪಿನೊಳಗೆ ನೋಡುತ್ತಾ, ಕಾಲಲ್ಲಿ ಅದರ ಪೆಡಲ್ ಒತ್ತುತ್ತಾ, ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯಬೇಕು. ದಿನಕ್ಕೆ ಐವತ್ತು ಪೊರೆ ತೆಗೆಯುತ್ತಿದ್ದ ಹಿರಿಯ ಶಸ್ತ್ರವೈದ್ಯನ ಕೈ ಹೊಸ ಮೇಜಿನ ಮುಂದೆ ಎಳೆಯ ವಿದ್ಯಾರ್ಥಿಯ ಕೈಯಂತೆ ತಡವರಿಸಿತು. ಭಾರತದಲ್ಲಿ ನೇತ್ರವೈದ್ಯರ ಉನ್ನತ ತರಬೇತಿ ಎಂಬುದು ರಾಷ್ಟ್ರಮಟ್ಟದ ಪ್ರಶ್ನೆಯಾದದ್ದು ಈ ಘಟ್ಟದಲ್ಲಿ. ಹೊಸಬರಿಗೆ ಪಾಠ ಹೇಳುವುದಕ್ಕಿಂತ ನುರಿತವರಿಗೆ ಹಳೆಯದನ್ನು ಬಿಡಿಸಿ ಹೊಸದನ್ನು ಕಲಿಸುವುದು ಎಷ್ಟೋ ಕಷ್ಟ.

ಆ ಕೆಲಸವನ್ನು ಮನಸ್ಸಿಟ್ಟು ಮಾಡಿದ ಸಂಸ್ಥೆಗಳಲ್ಲಿ ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆ ಮೊದಲನೆಯದು. ಸ್ಥಾಪಕ ಗೋವಿಂದಪ್ಪ ವೆಂಕಟಸ್ವಾಮಿ ಮೊದಲು ಹೆರಿಗೆ ವೈದ್ಯರಾಗಬೇಕೆಂದಿದ್ದರು. ತೀವ್ರ ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿ, ಪೆನ್ನು ಹಿಡಿಯುವುದೂ ಕಷ್ಟವಾಯಿತು. ಅವರು ಎಗ್ಮೋರಿನಲ್ಲಿ ನೇತ್ರವಿದ್ಯೆಗೆ ಸೇರಿ, ತಮ್ಮ ಕೈಗೆ ಹೊಂದುವ ಉಪಕರಣ ಮಾಡಿಸಿಕೊಂಡು, ಆ ಬೆರಳುಗಳಲ್ಲೇ ಪೊರೆ ತೆಗೆಯುವುದನ್ನು ಸಾಧಿಸಿದರು. ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆಗಳ ಆಸ್ಪತ್ರೆ ತೆರೆದರು. ಕಲಿಕೆ ಎಂದರೆ ದೇಹವನ್ನು ಹಂತಹಂತವಾಗಿ ಪಳಗಿಸುವುದು ಎಂಬುದು ಅವರು ಬದುಕಿ ತಿಳಿದ ಸತ್ಯ. ಅವರ ಆಸ್ಪತ್ರೆಯ ಪಾಠಕ್ರಮದಲ್ಲೂ ಅದರ ಗುರುತು ಕಾಣುತ್ತದೆ.

ಶಸ್ತ್ರಕ್ರಿಯೆಯನ್ನು ತುಂಡುತುಂಡಾಗಿ ಬಿಡಿಸಿ ಕಲಿಸುವ ಕ್ರಮ ಇಂಥ ಕೇಂದ್ರಗಳಲ್ಲಿ ನೆಲೆಯೂರಿತು. ಕಲಿಯುವ ವೈದ್ಯ ಮೊದಲು ಕಸಾಯಿಖಾನೆಯಿಂದ ತಂದ ಮೇಕೆಯ ಕಣ್ಣಿನ ಮೇಲೆ ಮೈಕ್ರೋಸ್ಕೋಪಿಗೆ ಹೊಂದಿಕೊಳ್ಳುತ್ತಾನೆ. ನಿಜವಾದ ರೋಗಿಯ ಬಳಿಗೆ ಬಂದಾಗಲೂ ಅವನಿಗೆ ಇಡೀ ಶಸ್ತ್ರಕ್ರಿಯೆಯನ್ನು ಒಪ್ಪಿಸುವುದಿಲ್ಲ. ಅಪಾಯ ಕಡಿಮೆಯಿರುವ ಹಂತಗಳು, ಅಂದರೆ ಕೊನೆಯ ಹೊಲಿಗೆಯಂಥವು, ಮೊದಲು ಅವನ ಪಾಲಿಗೆ ಬರುತ್ತವೆ. ಚೀಲದ ಮುಂಪದರವನ್ನು ತೆರೆಯುವಂಥ ನಾಜೂಕು ಕೆಲಸ ಕೊನೆಯಲ್ಲಿ. ಪಕ್ಕದಲ್ಲಿ ಕೂತ ಗುರುವಿನ ಕಣ್ಣೂ ಅದೇ ಮೈಕ್ರೋಸ್ಕೋಪಿನ ಎರಡನೆಯ ಕೊಳವೆಯಲ್ಲಿರುತ್ತದೆ. ಕೈ ತಪ್ಪುವ ಮುನ್ನವೇ ಅವರು ತಡೆಯಬಲ್ಲರು. ಜಲಂಧರದಲ್ಲಿ ಗುರುವಿನ ಒತ್ತಡದ ಅಳತೆಯನ್ನು ಶಿಷ್ಯ ಊಹಿಸಬೇಕಿತ್ತು. ಮೈಕ್ರೋಸ್ಕೋಪ್ ಬಂದ ಮೇಲೆ ಇಬ್ಬರಿಗೂ ಒಂದೇ ದೃಶ್ಯ ಕಂಡಿತು, ಕಲಿಕೆಯ ಗುಟ್ಟು ಬಯಲಾಯಿತು.

ವೈದ್ಯರನ್ನಷ್ಟೇ ತರಬೇತು ಮಾಡಿದರೆ ಸಾಲದೆಂದು ಮಧುರೆಯವರು ಬೇಗ ಅರಿತರು. ಸುತ್ತಲ ಹಳ್ಳಿಗಳಿಂದ ಶಾಲೆ ಮುಗಿಸಿದ ಹೆಣ್ಣುಮಕ್ಕಳನ್ನು ಆರಿಸಿ ಎರಡು ವರ್ಷ ಕಲಿಸಿದರು. ದೃಷ್ಟಿ ಪರೀಕ್ಷೆ, ಕಣ್ಣಿನ ಒತ್ತಡದ ಅಳತೆ, ಶಸ್ತ್ರಕ್ರಿಯೆಗೆ ರೋಗಿಯ ಸಿದ್ಧತೆ, ಉಪಕರಣಗಳ ಜೋಡಣೆ ಇವರ ಹೊಣೆಯಾಯಿತು. ಶಸ್ತ್ರವೈದ್ಯನ ಒಂದು ಗಂಟೆ ಹಿಂದಿನ ಹಲವು ಗಂಟೆಗಳಿಗೆ ಸಮವಾದದ್ದು ಇವರಿಂದಲೇ. ಈ ಸಾಧನೆಯ ಅರ್ಧ ಶ್ರೇಯ ಆ ಹುಡುಗಿಯರದ್ದೆಂದರೆ ಉತ್ಪ್ರೇಕ್ಷೆಯಾಗದು. 1992ರಲ್ಲಿ ಆರಂಭವಾದ ಅರೊಲ್ಯಾಬ್ ಕೃತಕ ಮಸೂರವನ್ನು ಇಲ್ಲಿಯೇ ತಯಾರಿಸಿ, ಆಮದಾದವುಗಳ ಬೆಲೆಯ ಸಣ್ಣ ಪಾಲಿಗೆ ಕೊಟ್ಟಿತು. ಕಲಿತ ವಿದ್ಯೆಯನ್ನು ಬಡವರ ಕಣ್ಣಿಗೆ ಬಳಸಲು ಇದ್ದ ಕೊನೆಯ ಅಡ್ಡಿಯೂ ಹೋಯಿತು.

ವಿಶ್ವಬ್ಯಾಂಕಿನ ನೆರವಿನ ಪೊರೆ ನಿವಾರಣಾ ಯೋಜನೆ 1994ರಿಂದ 2002ರವರೆಗೆ ಏಳು ರಾಜ್ಯಗಳಲ್ಲಿ ನಡೆಯಿತು. 1.1 ಕೋಟಿ ಶಸ್ತ್ರಕ್ರಿಯೆಗಳ ಗುರಿಯ ಜೊತೆಗೆ ಅದರ ಕೇಂದ್ರದಲ್ಲಿದ್ದದ್ದು ಸರ್ಕಾರಿ ವೈದ್ಯರ ಮರುತರಬೇತಿ. ಜಿಲ್ಲಾಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದವರು ಮಧುರೆಯಂಥ ಕೇಂದ್ರಗಳಿಗೆ ಹೋಗಿ ಕೃತಕ ಮಸೂರ ಇಡುವುದನ್ನು ಕಲಿತರು. ಕರ್ನಾಟಕ ಆ ಏಳರಲ್ಲಿ ಇರಲಿಲ್ಲ. ಇಲ್ಲಿ ಡೆನ್ಮಾರ್ಕಿನ ಡಾನಿಡಾ ನೆರವು ಅದೇ ದಿಕ್ಕಿನಲ್ಲಿ ಕೆಲಸ ಮಾಡಿತು. ಯೋಜನೆ ಆರಂಭವಾದಾಗ ದೇಶದಲ್ಲಿ ಕೃತಕ ಮಸೂರ ಪಡೆಯುತ್ತಿದ್ದವರು ತೀರ ಕಡಿಮೆ. ಅದು ಮುಗಿಯುವ ಹೊತ್ತಿಗೆ ಬಹುಪಾಲು ರೋಗಿಗಳು ಮಸೂರದೊಂದಿಗೇ ಮನೆಗೆ ಹೋಗುತ್ತಿದ್ದರು. ಶಾಲೆಯಂಗಳದ ಶಿಬಿರಗಳು ಕ್ರಮೇಣ ನಿಂತು, ಹಳ್ಳಿಯಲ್ಲಿ ತಪಾಸಣೆ ಮಾಡಿ ರೋಗಿಯನ್ನು ಆಸ್ಪತ್ರೆಗೆ ಕರೆತರುವ ಕ್ರಮ ಬಂತು.

ಫೇಕೊ ಯಂತ್ರ ದುಬಾರಿ, ಅದನ್ನು ಕಲಿಯುವ ದಾರಿಯೂ ದೀರ್ಘ. ಕಣ್ಣಿನ ಬಿಳಿಪದರದಲ್ಲಿ ತಾನೇ ಮುಚ್ಚಿಕೊಳ್ಳುವ ಓರೆಸುರಂಗ ಕೊರೆದು, ಯಂತ್ರವಿಲ್ಲದೆ, ಹೊಲಿಗೆಯಿಲ್ಲದೆ ಪೊರೆ ತೆಗೆಯುವ ವಿಧಾನ ಭಾರತ, ನೇಪಾಳಗಳಲ್ಲಿ ಪಕ್ವವಾಯಿತು. ಕಠ್ಮಂಡುವಿನಲ್ಲಿ 1994ರಲ್ಲಿ ತಿಲ್‌ಗಂಗಾ ಕೇಂದ್ರ ಕಟ್ಟಿದ ಸಂದುಕ್ ರುಯಿತ್ ದೆಹಲಿಯ ಏಮ್ಸ್‌ನಲ್ಲಿ ಕಲಿತವರು. ಅವರ ತಂಡ ನೇಪಾಳದಲ್ಲಿ ಎರಡೂ ವಿಧಾನಗಳನ್ನು ಹೋಲಿಸಿ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ದೃಷ್ಟಿಯ ಫಲಿತಾಂಶ ಎರಡರಲ್ಲೂ ಉತ್ತಮವಾಗಿತ್ತು. ಒಂದು ಕಾಲಕ್ಕೆ ಜಲಂಧರ್‌ಗೆ ಬಂದಂತೆ ವಿದೇಶಿ ವೈದ್ಯರು ಈಗ ಕಠ್ಮಂಡು, ಮಧುರೆಗಳಿಗೆ ಬರತೊಡಗಿದರು, ಆದರೆ ಈ ಬಾರಿ ಕಲಿಸುವವರು ಈ ನೆಲದವರು.

ಪೊರೆಯಾಚೆಗೂ ತರಬೇತಿ ಕವಲೊಡೆಯಿತು. ಚೆನ್ನೈನಲ್ಲಿ ಎಸ್. ಎಸ್. ಬದರೀನಾಥ್ 1978ರಲ್ಲಿ ಸ್ಥಾಪಿಸಿದ ಶಂಕರ ನೇತ್ರಾಲಯ, ಹೈದರಾಬಾದಿನಲ್ಲಿ ಗುಳ್ಳಪಲ್ಲಿ ನಾಗೇಶ್ವರ ರಾವ್ 1987ರಲ್ಲಿ ತೆರೆದ ಎಲ್. ವಿ. ಪ್ರಸಾದ್ ಸಂಸ್ಥೆ ರೆಟಿನಾ, ಕಾರ್ನಿಯಾ, ಗ್ಲಾಕೋಮಾ, ಮಕ್ಕಳ ಕಣ್ಣು ಎಂದು ಬೇರೆಬೇರೆ ಫೆಲೋಶಿಪ್‌ಗಳನ್ನು ರೂಪಿಸಿದವು. ಎಂ.ಎಸ್. ಮುಗಿಸಿದವರು ಅಲ್ಲಿ ಮತ್ತೆ ಒಂದೆರಡು ವರ್ಷ ಗುರುವಿನ ಹಿಂದೆ ನಿಂತು ಕಲಿಯುತ್ತಾರೆ. ಕನ್ನಡಕದ ಅಳತೆಗಷ್ಟೇ ಸೀಮಿತವೆಂದು ಭಾವಿಸಲಾಗಿದ್ದ ಆಪ್ಟೊಮೆಟ್ರಿಗೆ ನಾಲ್ಕು ವರ್ಷದ ಪದವಿಯನ್ನು ಚೆನ್ನೈನ ಎಲೀಟ್ ಶಾಲೆ 1985ರಲ್ಲಿ ಆರಂಭಿಸಿತು. ಆ ವೃತ್ತಿಗೆ ರಾಷ್ಟ್ರಮಟ್ಟದ ಕಾನೂನಿನ ಚೌಕಟ್ಟು ಸಿಗಲು 2021ರವರೆಗೆ ಕಾಯಬೇಕಾಯಿತು.

ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ ಇನ್ನೊಂದು ದಿಕ್ಕು ತೋರಿಸಿತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳ ರೆಟಿನಾದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು, ವಾರಗಳೊಳಗೆ ಶಾಶ್ವತ ಕುರುಡು ಬರಬಹುದು. ಅದನ್ನು ಗುರುತಿಸಬಲ್ಲ ತಜ್ಞರು ಜಿಲ್ಲೆಗಳಲ್ಲಿ ಇರಲಿಲ್ಲ. ವೈದ್ಯರಲ್ಲದ ತಂತ್ರಜ್ಞರಿಗೆ ಶಿಶುವಿನ ರೆಟಿನಾದ ಚಿತ್ರ ತೆಗೆಯುವುದನ್ನೂ, ಅದನ್ನು ಓದಿ ಯಾವ ಮಗುವಿಗೆ ತುರ್ತು ಇದೆಯೆಂದು ವಿಂಗಡಿಸುವುದನ್ನೂ ಹಂತಹಂತವಾಗಿ ಕಲಿಸಲಾಯಿತು. ಕ್ಯಾಮೆರಾ ಹೊತ್ತ ತಂಡ ಜಿಲ್ಲಾಸ್ಪತ್ರೆಗಳ ನವಜಾತ ಶಿಶು ಘಟಕಗಳನ್ನು ಸುತ್ತುತ್ತದೆ. ಬೆಂಗಳೂರಿನ ತಜ್ಞರು ಚಿತ್ರವನ್ನು ದೂರದಿಂದಲೇ ನೋಡಿ ನಿರ್ಧಾರ ಹೇಳುತ್ತಾರೆ.

ಕಲಿಯುವವರ ಮೊದಲ ತಪ್ಪು ಯಾರ ಕಣ್ಣಿನ ಮೇಲೆ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ವಿಮಾನಯಾನದ ಕಡೆಯಿಂದ. ಅಮೆರಿಕದ ನೇತ್ರವೈದ್ಯ ಡೇವಿಡ್ ಪೇಟನ್ ಅವರ ಕಲ್ಪನೆಯಂತೆ 1982ರಲ್ಲಿ ಹಳೆಯ ಡಿಸಿ-8 ವಿಮಾನವೊಂದು ಆರ್ಬಿಸ್ ಎಂಬ ಹಾರುವ ನೇತ್ರಾಸ್ಪತ್ರೆಯಾಗಿ ದೇಶದೇಶಗಳಿಗೆ ಹೋಗಿ ವೈದ್ಯರಿಗೆ ಕಲಿಸತೊಡಗಿತು. ಅದಕ್ಕೆ ಬೆಂಬಲವಾಗಿ ನಿಂತ ಆಲ್ಬರ್ಟ್ ಯೂಲ್ಚಿ ವಿಮಾನ ಚಾಲಕರಿಗೆ ಸಿಮ್ಯುಲೇಟರಿನಲ್ಲಿ ತರಬೇತಿ ನೀಡುವ ಕಂಪನಿ ಕಟ್ಟಿದವರು. ಚಾಲಕ ತನ್ನ ತಪ್ಪುಗಳನ್ನು ನೆಲದ ಮೇಲಿನ ಯಂತ್ರದಲ್ಲಿ ಮಾಡಿ ಮುಗಿಸುತ್ತಾನೆ, ಶಸ್ತ್ರವೈದ್ಯನಿಗೂ ಅದೇ ಏಕಿರಬಾರದು ಎಂದು ಅವರು 2010ರಲ್ಲಿ ಹೆಲ್ಪ್‌ಮಿಸೀ ಸಂಸ್ಥೆ ಆರಂಭಿಸಿದರು. ಯಂತ್ರವಿಲ್ಲದೆ ಪೊರೆ ತೆಗೆಯುವ ವಿಧಾನಕ್ಕೆಂದೇ ತಯಾರಾದ ಅದರ ಸಿಮ್ಯುಲೇಟರ್‌ಗಳ ಕೇಂದ್ರ ಮುಂಬಯಿಯಲ್ಲಿದೆ. ಕೈಯಲ್ಲಿ ಹಿಡಿದ ಉಪಕರಣಕ್ಕೆ ಅಂಗಾಂಶದ ಪ್ರತಿರೋಧವೂ ತಾಗುವಂತೆ ಅವುಗಳನ್ನು ರಚಿಸಲಾಗಿದೆ. ಬ್ರಿಟನ್ನಿನಲ್ಲಿ ಫೇಕೊ ಕಲಿಕೆಗೆ ಇಂಥದೇ ಯಂತ್ರಗಳು ಬಂದ ಮೇಲೆ, ಮೊದಲೆರಡು ವರ್ಷದ ಕಲಿಕೆಯ ವೈದ್ಯರ ಕೈಯಲ್ಲಿ ಚೀಲದ ಹಿಂಪದರ ಹರಿಯುವ ಪ್ರಮಾಣ 2009ರಲ್ಲಿ ಶೇ. 4.2 ಇದ್ದದ್ದು 2015ರಲ್ಲಿ ಶೇ. 2.6ಕ್ಕೆ ಇಳಿದಿತ್ತೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.